ಒಂದು ಕೆರೆ, ಎರಡು ತೂಬು, ಏಳು ಗದ್ದೆ: ವಿದ್ಯಾರ್ಥಿ ತಂಡವೊಂದು ಗೇಮ್ ಪ್ರೊಟೊಟೈಪ್ ಮುಗಿಸಿದ ಪ್ರಕರಣ

ಹಿನ್ನೆಲೆ

ದಕ್ಷಿಣ ಕರ್ನಾಟಕದ ಕಾಲೇಜೊಂದರಲ್ಲಿ 2024ರ ಮೊದಲರ್ಧದಲ್ಲಿ, ಹದಿನಾರು ವಾರಗಳ ಒಂದು ಸೆಮಿಸ್ಟರಿನ ಅವಧಿಯಲ್ಲಿ, ಏಳು ಮಂದಿ ವಿದ್ಯಾರ್ಥಿಗಳು ಸೇರಿ ಒಂದು ವಿಡಿಯೊ ಗೇಮಿನ ಪ್ರೊಟೊಟೈಪ್ (ಆಡಿ ನೋಡಬಹುದಾದ ಮೊದಲ ಮಾದರಿ) ಮಾಡಿ ಮುಗಿಸಿದ ಪ್ರಕರಣ ಇದು. ಆ ತಂಡದ ಪ್ರೊಡ್ಯೂಸರ್ ಆಗಿದ್ದವಳು ನಾನು. ಕಾಲೇಜಿನ ಹೆಸರನ್ನಾಗಲಿ ಜೊತೆಗಾರರ ಹೆಸರನ್ನಾಗಲಿ ಇಲ್ಲಿ ಕೊಟ್ಟಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ತೀರ್ಮಾನಗಳು ಯಾವ ಕ್ರಮದಲ್ಲಿ ಆದವೋ, ಯಾವುದು ತಡವಾಯಿತೋ, ಯಾರಿಗೆ ನೋವಾಯಿತೋ ಅದನ್ನು ಮಾತ್ರ ಇದ್ದಂತೆಯೇ ಬರೆದಿದ್ದೇನೆ. ಇಂಥದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗಕ್ಕೆ ಬರುವುದು ಆ ಭಾಗವೇ.

ಕರ್ನಾಟಕ ಸರ್ಕಾರ ಅನಿಮೇಷನ್, ವಿಷುವಲ್ ಎಫೆಕ್ಟ್ಸ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ ಪ್ರತ್ಯೇಕ ನೀತಿಯೊಂದನ್ನು 2012ರಲ್ಲಿಯೇ ತಂದಿತ್ತು. ಇಂದು ಗೇಮ್ ಮಾಡುವುದನ್ನೇ ಪ್ರಾಜೆಕ್ಟ್ ಆಗಿ ತೆಗೆದುಕೊಳ್ಳಬಹುದಾದ ಕೋರ್ಸುಗಳು ರಾಜ್ಯದಲ್ಲಿ ಸಾಕಷ್ಟಿವೆ. ಅವುಗಳಲ್ಲಿ ಕೋಡಿಂಗ್ ಕಲಿಸುತ್ತಾರೆ, ಚಿತ್ರ ಬಿಡಿಸಲು ಕಲಿಸುತ್ತಾರೆ, ಆಟದ ವಿನ್ಯಾಸವನ್ನೂ ಕಲಿಸುತ್ತಾರೆ. ಪ್ರೊಡ್ಯೂಸರ್ ಕೆಲಸವನ್ನು ಮಾತ್ರ ಯಾರಾದರೊಬ್ಬರು ಒಪ್ಪಿಕೊಂಡು, ಮಾಡುತ್ತಲೇ ಕಲಿಯಬೇಕಾಗುತ್ತದೆ. ಗೇಮ್ ತಂಡದ ಪ್ರೊಡ್ಯೂಸರ್ ಎಂದರೆ ಸಿನಿಮಾ ನಿರ್ಮಾಪಕರಂತೆ ಹಣ ಹಾಕುವವರಲ್ಲ. ಇರುವ ಸಮಯ ಎಷ್ಟು, ಇರುವ ಜನರ ಶಕ್ತಿ ಎಷ್ಟು, ಮಾಡಹೊರಟಿರುವ ಕೆಲಸ ಎಷ್ಟು ಎಂಬ ಮೂರನ್ನೂ ಒಂದಕ್ಕೊಂದು ಹೊಂದಿಸುತ್ತಾ ಹೋಗುವುದು ಅವರ ಹೊಣೆ. ತಂಡದಲ್ಲಿ ಇಬ್ಬರು ಪ್ರೋಗ್ರಾಮರ್‌ಗಳು, ಇಬ್ಬರು ಕಲಾವಿದರು, ಒಬ್ಬಳು ವಿನ್ಯಾಸಕಿ, ಧ್ವನಿ ಮತ್ತು ಪರದೆಯ ಬಟನ್‌ಗಳನ್ನು ನೋಡಿಕೊಳ್ಳುವ ಒಬ್ಬ ಇದ್ದರು. ಏಳನೆಯವಳಾದ ನನ್ನ ಪಾಲಿಗೆ ಈ ಹೊಣೆ ಬಂತು.

ಆಟದ ವಸ್ತುವನ್ನು ವಿನ್ಯಾಸಕಿ ತಂದಳು. ಅವಳ ತಾಯಿಯ ಊರಿನಲ್ಲಿ ಹಳೆಯ ಕೆರೆಯೊಂದಿದೆ. ಕೆರೆಯ ನೀರನ್ನು ಅಚ್ಚುಕಟ್ಟಿನ ಗದ್ದೆಗಳಿಗೆ ಹಂಚುವ ನೀರುಗಂಟಿಯೇ ನಮ್ಮ ಆಟಗಾರ. ತೂಬು ಎಷ್ಟು ಎತ್ತಬೇಕು, ಯಾವ ಕಾಲುವೆಗೆ ಎಷ್ಟು ಹೊತ್ತು ಬಿಡಬೇಕು, ಮಳೆ ಬಂದು ಕೆರೆ ತುಂಬಿದಾಗ ಕೋಡಿ ಬೀಳುವ ಮೊದಲು ಏನು ಮಾಡಬೇಕು ಎಂಬುದನ್ನು ಆಟಗಾರ ತೀರ್ಮಾನಿಸುತ್ತಾ ಹೋಗಬೇಕು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಇಳಿಯುವ ಸರಣಿ ಕೆರೆಗಳ ವ್ಯವಸ್ಥೆಯನ್ನು ಪೂರ್ತಿಯಾಗಿ ತೋರಿಸಬೇಕೆಂಬುದು ಅವಳ ಆಸೆಯಾಗಿತ್ತು. ಮೊದಲ ವಿನ್ಯಾಸ ಪತ್ರ 26 ಪುಟಗಳಷ್ಟಿತ್ತು. ಅದರಲ್ಲಿ ಮೂರು ಕೆರೆಗಳು, ಮೂರು ವರ್ಷಗಳ ಬೇಸಾಯ, ಮಾತಾಡುವ 14 ಪಾತ್ರಗಳು, ಕಂಪ್ಯೂಟರ್ ಜೊತೆಗೆ ಆಂಡ್ರಾಯ್ಡ್ ಆವೃತ್ತಿಯೂ ಇದ್ದವು. ಓದಿದವರಿಗೆಲ್ಲ ಅದು ಇಷ್ಟವಾಯಿತು. ನನಗೂ ತುಂಬ ಇಷ್ಟವಾಗಿತ್ತು, ಮತ್ತು ಆ ಕಾರಣಕ್ಕೇ ನಾನು ಅಂದು ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಕೇಳಲಿಲ್ಲ: ಇದರಲ್ಲಿ ಯಾವುದು ಇಲ್ಲದಿದ್ದರೂ ಇದು ನಮ್ಮ ಆಟವಾಗಿಯೇ ಉಳಿಯುತ್ತದೆ?

ಮೊದಲ ಎರಡು ವಾರ ಕಳೆದುಹೋದ ಬಗೆ

ಕೆಲಸ ಶುರುವಾಗುವ ಮೊದಲೇ ಆಟ ಕಟ್ಟಲು ಬಳಸುವ ತಂತ್ರಾಂಶವಾದ ಗೇಮ್ ಎಂಜಿನ್ ಯಾವುದು ಎಂಬ ಚರ್ಚೆ ಎದ್ದಿತು. ಲ್ಯಾಬಿನಲ್ಲಿ ನಾವು ಕಲಿತಿದ್ದು ಯೂನಿಟಿ ಎಂಬ ಎಂಜಿನ್. ಆದರೆ ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ, ಆಟ ಇನ್‌ಸ್ಟಾಲ್ ಆದಷ್ಟೂ ಶುಲ್ಕ ವಿಧಿಸುವ ಯೋಜನೆಯನ್ನು ಯೂನಿಟಿ ಪ್ರಕಟಿಸಿ, ಜಗತ್ತಿನಾದ್ಯಂತ ವಿರೋಧ ಬಂದ ಮೇಲೆ ಅದೇ ತಿಂಗಳಲ್ಲಿ ಅದನ್ನು ಸಾಕಷ್ಟು ಸಡಿಲಿಸಿತ್ತು. ಆ ಸುದ್ದಿಯ ಬಿಸಿ ಇನ್ನೂ ಆರಿರಲಿಲ್ಲ. ನೀರಿನ ಹರಿವಿನ ಕೋಡ್ ಬರೆಯಬೇಕಿದ್ದ ಪ್ರೋಗ್ರಾಮರ್ ಗೊಡೋ ಎಂಬ ಇನ್ನೊಂದು ಎಂಜಿನ್ ಬೇಕೆಂದ, ಇನ್ನೊಬ್ಬ ಗೊತ್ತಿರುವುದರಲ್ಲೇ ಮಾಡೋಣವೆಂದ. ಇಬ್ಬರೂ ಲೇಖನಗಳ ಮೇಲೆ ಲೇಖನಗಳನ್ನು ವಾಟ್ಸ್ಆ್ಯಪ್ ಗುಂಪಿಗೆ ಕಳಿಸುತ್ತಾ ಹೋದರು. ಆ ಶುಲ್ಕ ಅನ್ವಯಿಸಬೇಕಾದರೆ ಎರಡು ಲಕ್ಷ ಇನ್‌ಸ್ಟಾಲ್‌ಗಳೂ ಎರಡು ಲಕ್ಷ ಡಾಲರ್ ಆದಾಯವೂ ದಾಟಿರಬೇಕೆಂಬುದು ಮೊದಲ ಪ್ರಕಟಣೆಯಲ್ಲಿಯೇ ಇತ್ತು. ಸೆಮಿಸ್ಟರ್ ಪ್ರಾಜೆಕ್ಟಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಕೊನೆಗೆ ನಾವು ಗೊಡೋ ಆರಿಸಿಕೊಂಡೆವು. ಅದಕ್ಕೆ ಸರಿಯಾದ ಕಾರಣ ಬೇರೆಯೇ ಇತ್ತು, ಅದು ನನಗೆ ಹೊಳೆದದ್ದು ಎರಡನೇ ವಾರದ ಕೊನೆಯಲ್ಲಿ. ಆಟದ ಎಲ್ಲ ಮಾತೂ ಕನ್ನಡದಲ್ಲಿ ಇರಬೇಕಿತ್ತು. ಗೊಡೋದ ಮೂರನೇ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳು ಕೂಡದೆ ಬಿಡಿಬಿಡಿಯಾಗಿ ಬೀಳುತ್ತಿದ್ದವು. 2023ರ ಮಾರ್ಚಿನಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ಅಕ್ಷರಗಳನ್ನು ಕೂಡಿಸುವ ಹಾರ್ಫ್‌ಬಝ್ ಎಂಬ ತಂತ್ರಾಂಶ ಸೇರಿದ್ದರಿಂದ ಅಕ್ಷರ ಜೋಡಣೆ ಸರಿಯಾಗಿತ್ತು. ಹತ್ತು ನಿಮಿಷದಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಸಾಕಿತ್ತು: ಎಂಜಿನ್ ತೆರೆದು ‘ಅಚ್ಚುಕಟ್ಟು’ ಎಂದು ಬರೆದು ನೋಡುವುದು. ನಾನು ಅದನ್ನು ಮೊದಲ ದಿನ ಮಾಡಿಸಿದ್ದರೆ ವಾದವೇ ಬೇಕಿರಲಿಲ್ಲ. ವಾದ ಬಿಸಿಯಾಗಿದ್ದಾಗ ಎರಡೂ ಕಡೆಯವರ ಮನಸ್ಸು ನೋಯಿಸಬಾರದೆಂದು ನಾನು ಸುಮ್ಮನಿದ್ದೆ, ಮತ್ತು ಆ ಮೌನವನ್ನು ಸೌಜನ್ಯವೆಂದು ತಿಳಿದಿದ್ದೆ.

ಮುಗಿದ ಕಾರ್ಡುಗಳು, ಇಲ್ಲದ ಆಟ

ಮೂರನೇ ವಾರದಿಂದ ಏಳನೇ ವಾರದವರೆಗೆ ಎಲ್ಲವೂ ಚೆನ್ನಾಗಿ ನಡೆಯುತ್ತಿದೆ ಎಂದೇ ನಾನು ನಂಬಿದ್ದೆ. ಕೆಲಸಗಳನ್ನು ಟ್ರೆಲ್ಲೊ ಎಂಬ ಆನ್‌ಲೈನ್ ಕೆಲಸದ ಪಟ್ಟಿಯಲ್ಲಿ ಕಾರ್ಡುಗಳಾಗಿ ಹಂಚಿದ್ದೆ. ಸೋಮವಾರ ಸಂಜೆ ಸಭೆ ಸೇರಿ ಯಾರು ಏನು ಮಾಡಿದರು, ಮುಂದೇನು ಎಂದು ಮಾತಾಡುತ್ತಿದ್ದೆವು. ಏಳನೇ ವಾರದ ಹೊತ್ತಿಗೆ ‘ಮುಗಿದಿದೆ’ ಎಂಬ ಸಾಲಿನಲ್ಲಿ 43 ಕಾರ್ಡುಗಳಿದ್ದವು. ಕೆರೆ ಏರಿಯ ಚಿತ್ರ ಮುಗಿದಿತ್ತು, ಗದ್ದೆಯ ನಾಲ್ಕು ಹಂತಗಳ ಚಿತ್ರ ಮುಗಿದಿತ್ತು, ಕಪ್ಪೆ ವಟಗುಟ್ಟುವ ಸದ್ದು ಮುಗಿದಿತ್ತು, ಆರು ಪಾತ್ರಗಳ ಮುಖಗಳು ಮುಗಿದಿದ್ದವು, ನೀರಿನ ಹರಿವಿನ ಕೋಡ್ ‘ಬಹುತೇಕ’ ಮುಗಿದಿತ್ತು. ಆದರೆ ಇವೆಲ್ಲವನ್ನೂ ಒಂದೇ ಕಡೆ ಕೂಡಿಸಿ ಹೊರಗಿನವರೊಬ್ಬರು ಒಂದು ನಿಮಿಷವಾದರೂ ಆಡಬಹುದಾದ ಬಿಲ್ಡ್, ಅಂದರೆ ತೆರೆದು ಓಡಿಸಬಹುದಾದ ಆಟದ ಪ್ರತಿ, ಒಂದೂ ಇರಲಿಲ್ಲ. ಕಾರ್ಡುಗಳನ್ನು ಎಣಿಸುವುದು ಸುಲಭವಾಗಿತ್ತು, ಹಾಗಾಗಿ ನಾನು ಅವನ್ನೇ ಎಣಿಸುತ್ತಿದ್ದೆ.

ಕೂಡಿಸಲು ಹೊರಟಾಗಲೇ ತೊಡಕುಗಳು ಕಾಣತೊಡಗಿದವು. ಒಬ್ಬ ಕಲಾವಿದನ ಮೂಲ ಫೈಲೊಂದು 140 ಎಂಬಿ ಇತ್ತು. 100 ಎಂಬಿಗಿಂತ ದೊಡ್ಡ ಫೈಲನ್ನು, ನಾವು ಎಲ್ಲರ ಕೋಡನ್ನೂ ಫೈಲುಗಳನ್ನೂ ಒಟ್ಟಿಗೆ ಇಡುತ್ತಿದ್ದ ಗಿಟ್‌ಹಬ್ ತಾಣ ತಿರಸ್ಕರಿಸುತ್ತದೆಂಬುದು ನಮಗೆ ತಿಳಿದದ್ದು ಆ ರಾತ್ರಿ. ಇಬ್ಬರು ಪ್ರೋಗ್ರಾಮರ್‌ಗಳೂ ಆಟದ ದೃಶ್ಯವನ್ನು ಜೋಡಿಸಿಟ್ಟಿದ್ದ ಒಂದೇ ಮುಖ್ಯ ಸೀನ್ ಫೈಲನ್ನು ತಿದ್ದುತ್ತಿದ್ದುದರಿಂದ ಇಬ್ಬರ ಬದಲಾವಣೆಗಳನ್ನು ಬೆಸೆಯಲು ಒಂದು ಇಡೀ ಭಾನುವಾರ ಹೋಯಿತು. ಇವು ಯಾವುವೂ ದೊಡ್ಡ ಸಮಸ್ಯೆಗಳಲ್ಲ. ಮೂಲ ಚಿತ್ರಗಳನ್ನು ಡ್ರೈವ್‌ಗೆ ಹಾಕಿ ಆಟಕ್ಕೆ ಬೇಕಾದ ಸಣ್ಣ ಚಿತ್ರಗಳನ್ನಷ್ಟೇ ಗಿಟ್‌ನಲ್ಲಿ ಇಡುವುದು, ಮುಖ್ಯ ಸೀನನ್ನು ಒಡೆದು ಕೆರೆ, ಕಾಲುವೆ, ಗದ್ದೆ ಪ್ರತಿಯೊಂದನ್ನೂ ಬೇರೆ ಬೇರೆ ಸೀನ್ ಮಾಡುವುದು ಇಷ್ಟರಲ್ಲೇ ಅವು ಬಗೆಹರಿದವು. ಇವು ಮೂರನೇ ವಾರದಲ್ಲೇ ಎದುರಾಗಿದ್ದರೆ ಬರೀ ಕಿರಿಕಿರಿ ಎನಿಸುತ್ತಿದ್ದವು. ಮಧ್ಯಾವಧಿ ಮೌಲ್ಯಮಾಪನಕ್ಕೆ ಮೂರು ದಿನ ಇರುವಾಗ ಎದುರಾದ್ದರಿಂದ ತಂಡದ ನಿದ್ದೆ ಕೆಡಿಸಿದವು.

ಎಂಟನೇ ವಾರದ ಗುರುವಾರ ನಮ್ಮ ಸರದಿ. ವಿಭಾಗದ ಹಾಲ್‌ನಲ್ಲಿರುವ ಕಂಪ್ಯೂಟರಿನಲ್ಲೇ ತೋರಿಸಬೇಕೆಂದು ಅಂದು ಬೆಳಿಗ್ಗೆ ಹೇಳಿದರು. ಪೆನ್‌ಡ್ರೈವ್‌ನಿಂದ ಆಟವನ್ನು ಕಾಪಿ ಮಾಡಿ ತೆರೆದರೆ, ಗ್ರಾಫಿಕ್ಸ್ ಕಾರ್ಡಿನ ಡ್ರೈವರ್‌ನಲ್ಲಿ ಚಿತ್ರ ಮೂಡಿಸಲು ಬೇಕಾದ ವಲ್ಕನ್ ಎಂಬ ತಂತ್ರಕ್ಕೆ ಬೆಂಬಲ ಇಲ್ಲವೆಂಬ ಸಂದೇಶವೊಂದು ಬಂದು ಆಟ ಮುಚ್ಚಿಕೊಂಡಿತು. ಮತ್ತೆ ತೆರೆದೆವು, ಮತ್ತೆ ಅದೇ. ಗೈಡ್ ಸೇರಿ ಮೂವರು ಅಧ್ಯಾಪಕರು ಎದುರಿಗೆ ಕುಳಿತಿದ್ದರು. ಕಲಾವಿದೆ ತನ್ನ ಲ್ಯಾಪ್‌ಟಾಪ್ ತರಲು ಹಾಸ್ಟೆಲಿಗೆ ಓಡಿದಳು. ಅವಳು ಬರುವವರೆಗಿನ ಹನ್ನೆರಡು ನಿಮಿಷ ನಾನು ಪರದೆಯ ಮೇಲಿನ ಆ ಸಂದೇಶದ ಪಕ್ಕದಲ್ಲಿ ನಿಂತು, ಆಟ ಹೇಗಿರಲಿದೆ ಎಂದು ಬಾಯಲ್ಲಿ ವಿವರಿಸುತ್ತಿದ್ದೆ. ಲ್ಯಾಪ್‌ಟಾಪ್ ಬಂದ ಮೇಲೆ ಆಟ ತೆರೆಯಿತು. ಅಲ್ಲಿಯೂ ಅದು ತಡೆತಡೆದು ಓಡುತ್ತಿತ್ತು. ಅಧ್ಯಾಪಕರೊಬ್ಬರು ಕೇಳಿದ್ದು ಒಂದೇ ಮಾತು: “ಇದನ್ನ ನಿಮ್ಮ ತಂಡ ಬಿಟ್ಟು ಬೇರೆ ಯಾರಾದರೂ ಆಡಿದ್ದಾರೇನಮ್ಮ?” ಇಲ್ಲ ಎಂದೆ.

ಲೆಕ್ಕ ಹಾಕಿದ ಸಂಜೆ

ಅಂದು ಸಂಜೆ ಲ್ಯಾಬಿನಲ್ಲಿ ಕುಳಿತು ಮೊದಲ ಬಾರಿಗೆ ಗಂಟೆಗಳ ಲೆಕ್ಕ ಹಾಕಿದೆ. ಉಳಿದ ತರಗತಿಗಳ ನಡುವೆ ಒಬ್ಬೊಬ್ಬರಿಗೆ ವಾರಕ್ಕೆ ಪ್ರಾಮಾಣಿಕವಾಗಿ ಸಿಗುತ್ತಿದ್ದದ್ದು 8 ಗಂಟೆ. ನನ್ನನ್ನು ಬಿಟ್ಟು ಆರು ಮಂದಿಗೆ ವಾರಕ್ಕೆ 48 ಗಂಟೆ. ಹದಿನೈದನೇ ವಾರದ ಕೊನೆಗೆ ಅಂತಿಮ ಪ್ರದರ್ಶನ, ನಡುವೆ ಇಂಟರ್ನಲ್ಸ್ ಒಂದು ವಾರ. ಉಳಿದ ಕೆಲಸದ ವಾರಗಳು ಆರು, ಅಂದರೆ 288 ಗಂಟೆ. ಉಳಿದ ಕಾರ್ಡುಗಳಿಗೆ ಅವರವರೇ ಅಂದಾಜಿಸಿ ಕೊಟ್ಟಿದ್ದ ಗಂಟೆಗಳನ್ನು ಕೂಡಿಸಿದರೆ 610 ಆಯಿತು. ಅರ್ಧಕ್ಕಿಂತ ಹೆಚ್ಚು ಕೆಲಸ ಬಿಡಲೇಬೇಕಿತ್ತು. ರಾತ್ರಿಗಳನ್ನು ಹಗಲು ಮಾಡಿ ಅಷ್ಟನ್ನೂ ಮುಗಿಸೋಣ ಎಂದು ಒಬ್ಬರು ಹೇಳಿದರು. ಆದರೆ ನಮ್ಮಲ್ಲಿ ಇಬ್ಬರಿಗೆ ಹಿಂದಿನ ಸೆಮಿಸ್ಟರಿನ ಪೇಪರುಗಳು ಬಾಕಿ ಇದ್ದವು, ಒಬ್ಬಳು ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಅವರ ನಿದ್ದೆಯ ಗಂಟೆಗಳನ್ನು ನನ್ನ ಪಟ್ಟಿಯಲ್ಲಿ ಸೇರಿಸಿಕೊಳ್ಳುವ ಹಕ್ಕು ನನಗಿಲ್ಲ ಎಂದು ಅಂದೇ ನಿರ್ಧರಿಸಿದೆ. ಈ ಒಂದು ತೀರ್ಮಾನದ ಬಗ್ಗೆ ನನಗೆ ಇಂದಿಗೂ ಎರಡನೇ ಯೋಚನೆಯಿಲ್ಲ.

ಮೊದಲು ತೆಗೆದದ್ದು ಆಂಡ್ರಾಯ್ಡ್ ಆವೃತ್ತಿ. ಯಾರೂ ಏನೂ ಹೇಳಲಿಲ್ಲ. ಆಮೇಲೆ ಪರದೆಯ ಮೇಲೆ ಚಿತ್ರ ಮೂಡಿಸುವ ರೆಂಡರರ್ ಬದಲಾಯಿಸಿ ಹಳೆಯ ಗ್ರಾಫಿಕ್ಸ್ ಕಾರ್ಡಿನಲ್ಲೂ ಓಪನ್‌ಜಿಎಲ್ ಎಂಬ ಹಳೆಯ ತಂತ್ರದ ಮೂಲಕ ಓಡುವ ಕಂಪ್ಯಾಟಿಬಿಲಿಟಿ ವಿಧಾನಕ್ಕೆ ಬಂದೆವು. ಆಗಿನ ಆವೃತ್ತಿಯಲ್ಲಿ ಕೆಲವು ಬೆಳಕಿನ ಪರಿಣಾಮಗಳು ಅದರಲ್ಲಿ ಸಿಗುತ್ತಿರಲಿಲ್ಲ. ಸಂಜೆಯ ನೀರಿನ ಮೇಲಿನ ಹೊಳಪಿಗಾಗಿ ಒಂದು ವಾರ ಕೆಲಸ ಮಾಡಿದ್ದ ಕಲಾವಿದೆ ಬೇಸರದಿಂದಲೇ ಒಪ್ಪಿದಳು. ಮೂರು ಕೆರೆಗಳ ಬದಲು ಒಂದು, ಮೂರು ವರ್ಷಗಳ ಬದಲು ಒಂದೇ ಬೆಳೆ ಎಂಬುದನ್ನು ವಿನ್ಯಾಸಕಿಯೇ ಸೂಚಿಸಿದಳು. ಅವಳಿಗೆ ಅದು ಎಷ್ಟು ಕಷ್ಟವಾಗಿತ್ತೆಂಬುದು ಅವಳು ಪೆನ್ಸಿಲಿನಿಂದ ಪುಟಗಳಿಗೆ ಅಡ್ಡಗೆರೆ ಎಳೆಯುತ್ತಿದ್ದ ರೀತಿಯಲ್ಲಿ ಕಾಣುತ್ತಿತ್ತು. ಒಂದೊಂದು ಪುಟವನ್ನೂ ಪೂರ್ತಿ ಓದಿ ಆಮೇಲೆ ಗೆರೆ ಎಳೆಯುತ್ತಿದ್ದಳು.

ಉಳಿದದ್ದು ನೀರು.

ನೀರಿನ ಕೋಡ್ ಬರೆದಿದ್ದ ಪ್ರೋಗ್ರಾಮರ್ ಐದು ವಾರಗಳಲ್ಲಿ ನಿಜಕ್ಕೂ ಸುಂದರವಾದದ್ದನ್ನು ಮಾಡಿದ್ದ. ನೆಲವನ್ನು 128 ಅಡ್ಡ, 128 ಉದ್ದದ ಚೌಕಗಳಾಗಿ ಹಂಚಿ, ಪ್ರತಿ ಚೌಕವೂ ತನ್ನಲ್ಲಿನ ನೀರನ್ನು ತಗ್ಗಿನಲ್ಲಿರುವ ನೆರೆಯ ಚೌಕಕ್ಕೆ ದಾಟಿಸುವಂತೆ ಬರೆದಿದ್ದ. ನೀರು ಕಾಲುವೆಯ ತಿರುವಿನಲ್ಲಿ ಸುಳಿಯುತ್ತಿತ್ತು, ಒಣ ನೆಲ ಮೊದಲು ನೀರು ಕುಡಿದು ಆಮೇಲೆ ಮುಂದಕ್ಕೆ ಬಿಡುತ್ತಿತ್ತು. ಆದರೆ 16,384 ಚೌಕಗಳ ಲೆಕ್ಕವನ್ನು ಪ್ರತಿ ಫ್ರೇಮಿಗೂ, ಅಂದರೆ ಪರದೆಯ ಚಿತ್ರ ಬದಲಾಗುವ ಪ್ರತಿ ಸಲವೂ, ಮಾಡಬೇಕಿತ್ತು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್, ಲ್ಯಾಬಿನ ಕಂಪ್ಯೂಟರಿನಲ್ಲಿ ಬರೀ ನೀರಿಗೇ 40 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿತ್ತು. ಅದನ್ನು ವೇಗಗೊಳಿಸುವ ದಾರಿಗಳಿದ್ದವು, ಆದರೆ ಅವಕ್ಕೆ ಬೇಕಾದ ವಾರಗಳು ನಮ್ಮಲ್ಲಿರಲಿಲ್ಲ.

ನಾನು ಮಾಡಿದ ತಪ್ಪು

ಮರುದಿನ ಸಭೆಯಲ್ಲಿ ನಾನು ಬಿಡಬೇಕಾದ ಕೆಲಸಗಳ ಪಟ್ಟಿಯನ್ನು ಪ್ರೊಜೆಕ್ಟರಿನಲ್ಲಿ ಹಾಕಿದೆ. ‘ಆಂಡ್ರಾಯ್ಡ್’, ‘ಎರಡನೇ ಕೆರೆ’, ‘ಮೂರನೇ ಕೆರೆ’ ಎಂಬ ಸಾಲುಗಳ ಕೆಳಗೆ ‘ನೀರಿನ ಸಿಮ್ಯುಲೇಷನ್’ ಎಂದಿತ್ತು. ಆ ಕೋಡ್ ಬರೆದವನಿಗೆ ಅದು ಮೊದಲು ತಿಳಿದದ್ದು ಆ ಪರದೆಯ ಮೇಲೆ, ಉಳಿದ ಐವರ ಜೊತೆಯಲ್ಲಿ, ಅವರೆಲ್ಲ ಓದಿದ ಕ್ಷಣದಲ್ಲೇ. ಅವನು ವಾದ ಮಾಡಲಿಲ್ಲ. “ಸರಿ” ಎಂದು ಲ್ಯಾಪ್‌ಟಾಪ್ ಮುಚ್ಚಿ ಹೊರಟ. ನಾಲ್ಕು ದಿನ ಲ್ಯಾಬಿಗೆ ಬರಲಿಲ್ಲ, ಗುಂಪಿನಲ್ಲಿ ಯಾವ ಸಂದೇಶಕ್ಕೂ ಉತ್ತರಿಸಲಿಲ್ಲ.

ಮೊದಲ ಎರಡು ದಿನ ನಾನು ಅವನ ಬಗ್ಗೆ ಅಸಮಾಧಾನದಿಂದಲೇ ಇದ್ದೆ. ಲೆಕ್ಕ ಸ್ಪಷ್ಟವಾಗಿತ್ತಲ್ಲ, ಅದರಲ್ಲಿ ಬೇಸರ ಪಡುವುದೇನಿದೆ ಎಂದುಕೊಂಡೆ. ಮೂರನೇ ದಿನ ಕಲಾವಿದೆ ಊಟದ ಹೊತ್ತಿನಲ್ಲಿ ಮೆಲ್ಲಗೆ ಹೇಳಿದಳು: “ಅವನಿಗೆ ಮೊದಲೇ ಒಂದು ಮಾತು ಹೇಳಬಹುದಿತ್ತಲ್ವೇನೇ?” ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ನಾಲ್ಕನೇ ದಿನ ಸಂಜೆ ಅವನನ್ನು ಹಾಸ್ಟೆಲಿನ ಎದುರಿನ ಟೀ ಅಂಗಡಿಗೆ ಕರೆದು, ಮೊದಲು ಕ್ಷಮೆ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ತೆಗೀಬೇಕು ಅಂತ ನಂಗೂ ಗೊತ್ತಿತ್ತು ಕಣೇ. ಆರನೇ ವಾರದಲ್ಲೇ ಗೊತ್ತಾಗಿತ್ತು. ಅದನ್ನ ನಾನೇ ಹೇಳ್ಬೇಕಿತ್ತು. ನೀನು ಎಲ್ಲರ ಮುಂದೆ ಪಟ್ಟೀಲಿ ಹಾಕ್ದೆ.” ಆಮೇಲೆ ಬ್ಯಾಗಿನಿಂದ ನೋಟ್‌ಬುಕ್ ತೆಗೆದ. ಆ ನಾಲ್ಕು ದಿನ ಅವನು ಸುಮ್ಮನೆ ಕುಳಿತಿರಲಿಲ್ಲ. ಚೌಕಗಳ ಬದಲು ಕೆರೆ, ತೂಬು, ಕಾಲುವೆಯ ತುಂಡುಗಳು, ಗದ್ದೆಗಳು ಇವನ್ನಷ್ಟೇ ಬಿಂದುಗಳಾಗಿ ಇಟ್ಟು, ಒಂದು ಬಿಂದುವಿನಿಂದ ಇನ್ನೊಂದಕ್ಕೆ ಪ್ರತಿ ಸೆಕೆಂಡಿಗೆ ಎಷ್ಟು ನೀರು ಹೋಗುತ್ತದೆ ಎಂಬ ಲೆಕ್ಕವನ್ನು ಬರೆದಿದ್ದ. ಒಟ್ಟು ಬಿಂದುಗಳು 23. ಹರಿಯುವ ನೀರಿನ ನೋಟವನ್ನು ಶೇಡರ್‌ನಿಂದ, ಅಂದರೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಓಡುವ ಸಣ್ಣ ಕೋಡಿನಿಂದ, ತೋರಿಸಿದರೆ ಸಾಕಿತ್ತು. ಒಣ ಕಾಲುವೆ ಮೊದಲು ನೀರು ಕುಡಿಯುವ ಗುಣವನ್ನು ಮಾತ್ರ ಅವನು ಹಳೆಯ ಕೋಡಿನಿಂದ ಉಳಿಸಿಕೊಂಡಿದ್ದ. ಮುಂದೆ ಇಡೀ ಆಟ ನಿಂತದ್ದು ಆ ಒಂದು ಗುಣದ ಮೇಲೆ.

ಕೆಲಸವೊಂದನ್ನು ಬಿಡುವ ತೀರ್ಮಾನ ಪಟ್ಟಿಯಲ್ಲಿ ಒಂದು ಸಾಲಾಗಿ ಕಾಣುತ್ತದೆ, ಆದರೆ ಅದು ಹೋಗಿ ತಟ್ಟುವುದು ಆ ಸಾಲಿನ ಹಿಂದೆ ಐದು ವಾರ ಕಳೆದ ಒಬ್ಬ ಮನುಷ್ಯನಿಗೆ. ಆ ಮನುಷ್ಯನಿಗೆ ಸಮಸ್ಯೆ ನಮಗಿಂತ ಮೊದಲೇ ಗೊತ್ತಿರುತ್ತದೆ, ಬದಲಿ ದಾರಿ ಹುಡುಕುವ ಸಾಮರ್ಥ್ಯವೂ ಅವನಿಗೇ ಹೆಚ್ಚು. ಅವನನ್ನು ಮೊದಲು ಕೇಳದೆ ಹೋದುದರಿಂದ ನಮಗೆ ನಾಲ್ಕು ದಿನ ನಷ್ಟವಾಯಿತು. ಅವನು ಬೇರೆ ಸ್ವಭಾವದವನಾಗಿದ್ದರೆ ತಂಡದಲ್ಲಿ ಒಬ್ಬ ಪ್ರೋಗ್ರಾಮರೇ ಇಲ್ಲವಾಗುತ್ತಿದ್ದ. ಹತ್ತನೇ ವಾರದಲ್ಲಿ 14 ಪಾತ್ರಗಳನ್ನು ಐದಕ್ಕೆ ಇಳಿಸಬೇಕಾಗಿ ಬಂದಾಗ ನಾನು ಮೊದಲು ಕಲಾವಿದನ ಬಳಿ ಒಬ್ಬಳೇ ಹೋದೆ. ಉಳಿದ ಗಂಟೆಗಳ ಲೆಕ್ಕವನ್ನು ಅವನ ಮುಂದಿಟ್ಟು, ಯಾವ ಐದು ಮುಖ ಉಳಿಯಬೇಕೆಂಬುದನ್ನು ಅವನಿಗೇ ಬಿಟ್ಟೆ. ನಾನು ಇಟ್ಟುಕೊಳ್ಳಬೇಕೆಂದಿದ್ದ ಊರ ಪಟೇಲರ ಮುಖವನ್ನು ಅವನು ತೆಗೆದ, ನಾನು ಗಮನಿಸಿಯೇ ಇರದ, ಕೊನೆಯ ಗದ್ದೆಯ ಮುದುಕಿಯ ಮುಖವನ್ನು ಉಳಿಸಿಕೊಂಡ. ಅವನು ಸರಿಯಾಗಿದ್ದ.

ಶುಕ್ರವಾರದ ಬಿಲ್ಡ್

ಒಂಬತ್ತನೇ ವಾರದಿಂದ ಸೋಮವಾರದ ಸಭೆಯನ್ನು ಹದಿನೈದು ನಿಮಿಷಕ್ಕೆ ಇಳಿಸಿ, ಶುಕ್ರವಾರ ಸಂಜೆ ನಾಲ್ಕಕ್ಕೆ ಒಂದು ಹೊಸ ಕ್ರಮ ಇಟ್ಟುಕೊಂಡೆವು. ಆ ಹೊತ್ತಿಗೆ ಗಿಟ್‌ನ ಮುಖ್ಯ ಶಾಖೆಯಲ್ಲಿ, ಅಂದರೆ ಎಲ್ಲರ ಕೆಲಸ ಬಂದು ಕೂಡುವ ಪ್ರತಿಯಲ್ಲಿ, ಏನಿದೆಯೋ ಅದನ್ನೇ ಬಿಲ್ಡ್ ಮಾಡಬೇಕು. ಅದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಲ್ಯಾಬಿನ ಅತ್ಯಂತ ಹಳೆಯ ಕಂಪ್ಯೂಟರಿನಲ್ಲಿ ತೆರೆಯಬೇಕು. ತಂಡದ ಹೊರಗಿನ ಒಬ್ಬರು ಹತ್ತು ನಿಮಿಷ ಆಡಬೇಕು. ಅಷ್ಟು ಹೊತ್ತೂ ನಾವು ಯಾರೂ ಬಾಯಿ ತೆರೆಯಬಾರದು. ಈ ಕೊನೆಯದೇ ಎಲ್ಲರಿಗೂ ಕಷ್ಟವಾದದ್ದು. ಆಡುವವರು ತಪ್ಪು ಜಾಗದಲ್ಲಿ ಒತ್ತುತ್ತಿದ್ದರೆ ‘ಅಲ್ಲಿ ಅಲ್ಲ, ಇಲ್ಲಿ’ ಎನ್ನಲು ನಾಲಿಗೆ ತುದಿಗೆ ಬಂದಿರುತ್ತದೆ. ವಿನ್ಯಾಸಕಿ ಅದಕ್ಕಾಗಿಯೇ ಕೈಯಲ್ಲಿ ಕಾಗದ ಹಿಡಿದು ಕೂರುತ್ತಿದ್ದಳು: ಹೇಳಬೇಕೆನಿಸಿದ್ದನ್ನೆಲ್ಲ ಬರೆದುಕೊಳ್ಳುವುದು.

ಮೊದಲ ಶುಕ್ರವಾರ ಆಟ ಓಡಿತು, ಆದರೆ ಬಟನ್‌ಗಳಲ್ಲಿ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗಿತ್ತು. ‘ಅಚ್ಚುಕಟ್ಟು’ ಎಂಬಲ್ಲಿ ಚ-ಒತ್ತೂ ಟ-ಒತ್ತೂ ಅರ್ಧ ಮಾತ್ರ ಕಾಣುತ್ತಿದ್ದವು. ಬಟನ್‌ಗಳ ಎತ್ತರವನ್ನು ಇಂಗ್ಲಿಷ್ ಅಕ್ಷರಗಳ ಅಳತೆಗೆ ಇಟ್ಟಿದ್ದೆವು. ಎತ್ತರ ಹೆಚ್ಚಿಸಿ, ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಆಟದೊಳಗೇ ಸೇರಿಸಿ, ಅಕ್ಷರವನ್ನು ಎರಡು ಹಂತ ದೊಡ್ಡದು ಮಾಡಿದೆವು. ಕನ್ನಡದಲ್ಲಿ ಆಟ ಮಾಡುವವರು ಬಟನ್ ಚಿತ್ರ ಬರೆಯುವ ಮೊದಲು ‘ರಾಷ್ಟ್ರ’, ‘ಸ್ತ್ರೀ’ ಇಂಥ ಪದಗಳನ್ನು ಹಾಕಿ ಅಳತೆ ನೋಡಿಕೊಳ್ಳುವುದು ಒಳ್ಳೆಯದು.

ಹತ್ತನೇ ವಾರದಲ್ಲಿ ಆಡಲು ಸಿಕ್ಕವರು ನಮ್ಮ ಬ್ಲಾಕಿನ ಕಾವಲುಗಾರರು, ಅರವತ್ತರ ಆಸುಪಾಸಿನವರು. ಅವರ ಊರಲ್ಲಿ ಕೆರೆ ಇತ್ತು, ಅವರ ದೊಡ್ಡಪ್ಪ ನೀರುಗಂಟಿಯಾಗಿದ್ದರೆಂಬುದು ನಮಗೆ ಆಮೇಲೆ ತಿಳಿಯಿತು. ಮೌಸನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತರು. ನಮ್ಮ ಆಟದಲ್ಲಿ ತೂಬು ತೆರೆಯಲು ಅದನ್ನು ಕೆಳಕ್ಕೆ ಎಳೆಯಬೇಕಿತ್ತು. ಅವರು ಮತ್ತೆ ಮತ್ತೆ ಮೇಲಕ್ಕೆ ಎಳೆಯುತ್ತಿದ್ದರು, ತೂಬು ತೆರೆಯುತ್ತಿರಲಿಲ್ಲ. ಹತ್ತು ನಿಮಿಷ ಮುಗಿದ ಮೇಲೆ ಹೇಳಿದರು: “ತೂಬು ಎತ್ತೋದು ಕಣವ್ವ. ನೀವು ಇಳಿಸು ಅಂತ ಮಾಡ್ಬಿಟ್ಟಿದ್ದೀರ.” ಅದು ಐದು ನಿಮಿಷದ ತಿದ್ದುಪಡಿ. ಆದರೆ ಅವರು ಇನ್ನೊಂದನ್ನೂ ಮಾಡಿದ್ದರು. ತೂಬು ತೆರೆದ ಮೇಲೆ ಹತ್ತಿರದ ಗದ್ದೆಗಳಿಗೆ ನೀರು ಹೋಗುವ ಮಡೆಗಳನ್ನೆಲ್ಲ ಮುಚ್ಚಿ ನೀರನ್ನು ಮೊದಲು ಕೊನೆಯ ಗದ್ದೆಗೆ ಕಳಿಸಿದ್ದರು. ಆಟ ಅವರಿಗೆ ಅತ್ಯಂತ ಕಡಿಮೆ ಅಂಕ ಕೊಟ್ಟಿತು. ನಮ್ಮ ಲೆಕ್ಕದಲ್ಲಿ ಹತ್ತಿರದ ಗದ್ದೆಯಿಂದ ಶುರುಮಾಡಿ ಮುಂದೆ ಹೋಗುವುದೇ ಜಾಣತನವಾಗಿತ್ತು. ಏಕೆ ಹಾಗೆ ಮಾಡಿದಿರಿ ಎಂದು ವಿನ್ಯಾಸಕಿ ಕೇಳಿದಳು. “ಕೊನೇ ಗದ್ದೆಯೋನಿಗೆ ಮೊದ್ಲು ಬಿಡ್ಬೇಕವ್ವ. ಮ್ಯಾಲಿನೋರು ಕುಡುದ್ ಮ್ಯಾಲೆ ಅವನಿಗೆ ಎಲ್ಲಿ ಬರ್ತದೆ?” ಎಂದರು.

ಅಂದು ರಾತ್ರಿ ಎಂಟರವರೆಗೆ ನಾವು ಲ್ಯಾಬಿನಲ್ಲೇ ಇದ್ದೆವು. ನೀರಿನ ಪ್ರೋಗ್ರಾಮರ್ ತನ್ನ ಲೆಕ್ಕದಲ್ಲಿ ಒಣ ಕಾಲುವೆ ನೀರು ಕುಡಿಯುವ ಗುಣವಿದೆಯೆಂಬುದನ್ನು ನೆನಪಿಸಿದ. ನೀರು ಕೊನೆಯವರೆಗೆ ಒಮ್ಮೆ ಹೋದರೆ ಇಡೀ ಕಾಲುವೆ ನೆನೆಯುತ್ತದೆ, ಆಮೇಲೆ ಎಲ್ಲರಿಗೂ ಬೇಗ ಸಿಗುತ್ತದೆ. ಆದರೆ ಆ ಮೊದಲ ಸುತ್ತಿಗೆ ಕೆರೆಯಲ್ಲಿ ಸಾಕಷ್ಟು ನೀರಿರಬೇಕು, ಹತ್ತಿರದವರು ಕಾಯಬೇಕು. ಹತ್ತಿರದವರಿಗೆ ಮೊದಲು ಬಿಟ್ಟರೆ ಅವರ ಬೆಳೆ ಬೇಗ ಹಸುರಾಗುತ್ತದೆ, ಕೊನೆಯ ಮುದುಕಿಯ ಗದ್ದೆ ಒಣಗುತ್ತದೆ. ಅಂಕ ಕೊಡುವ ಕ್ರಮವನ್ನು ಬದಲಿಸಿ, ಅತಿ ಕಡಿಮೆ ಬೆಳೆದ ಗದ್ದೆ ಎಷ್ಟು ಬೆಳೆಯಿತು ಎಂಬುದರ ಮೇಲೆ ನಿಲ್ಲಿಸಿದೆವು. ನಮ್ಮ ಆಟ ಯಾವುದರ ಬಗ್ಗೆ ಎಂಬುದು 26 ಪುಟಗಳಲ್ಲಿ ಎಲ್ಲೂ ಇರಲಿಲ್ಲ. ನಮಗೆ ಅದು ಸಿಕ್ಕಿದ್ದು ಹತ್ತನೇ ವಾರದ ಆ ಶುಕ್ರವಾರ. ವಿನ್ಯಾಸ ಪತ್ರವನ್ನು ಎಷ್ಟು ಚೆನ್ನಾಗಿ ಬರೆದರೂ, ಆಡಬಲ್ಲ ಬಿಲ್ಡನ್ನು ತಿಳಿದವರೊಬ್ಬರ ಕೈಗೆ ಕೊಡದೆ ಈ ಮಾತು ನಮ್ಮವರೆಗೆ ಬರುತ್ತಿರಲಿಲ್ಲ. ಅದನ್ನು ಮೂರನೇ ವಾರದಲ್ಲಿ, ಚಿತ್ರಗಳೇ ಇಲ್ಲದ ಬರೀ ಚೌಕಗಳ ಆಟದಲ್ಲೂ ಕೇಳಿಸಿಕೊಳ್ಳಬಹುದಿತ್ತು ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಕೊನೆಯ ವಾರಗಳು

ಹದಿಮೂರನೇ ವಾರದಿಂದ ಹೊಸದೇನನ್ನೂ ಸೇರಿಸಬಾರದು, ಇರುವ ದೋಷಗಳನ್ನಷ್ಟೇ ತಿದ್ದಬೇಕು ಎಂಬ ನಿಯಮವನ್ನು ಎಲ್ಲರೂ ಕೂಡಿಯೇ ಮಾಡಿಕೊಂಡೆವು. ಇದು ನಾನು ಹೇರಿದ ನಿಯಮವಾಗಿದ್ದರೆ ನಿಲ್ಲುತ್ತಿರಲಿಲ್ಲ. ಎಂಟನೇ ವಾರದ ಹನ್ನೆರಡು ನಿಮಿಷ ಎಲ್ಲರಿಗೂ ನೆನಪಿತ್ತು. ಧ್ವನಿಯ ಹುಡುಗ ಮೂರನೇ ಹಾಡಿನ ಟ್ರ್ಯಾಕನ್ನು ಸೇರಿಸಲೇ ಎಂದು ಕೇಳಿದಾಗ ಬೇಡವೆಂದವನು ನೀರಿನ ಪ್ರೋಗ್ರಾಮರ್.

ಹದಿನಾಲ್ಕನೇ ವಾರದ ಶುಕ್ರವಾರ ಕಾವಲುಗಾರರನ್ನು ಮತ್ತೆ ಕರೆದೆವು. ಈ ಬಾರಿ ಅವರು ತೂಬು ಎತ್ತಿದರು, ನೀರು ಹರಿಯಿತು, ಕೊನೆಯ ಗದ್ದೆ ಹಸುರಾಯಿತು. ಆಟದ ಕೊನೆಯಲ್ಲಿ ದೊಡ್ಡ ಮಳೆ ಬಂದು ಕೆರೆ ತುಂಬಿ ಕೋಡಿ ಬೀಳುತ್ತದೆ, ಅಲ್ಲಿಗೆ ಆಟ ಮುಗಿಯುತ್ತದೆ. ಅವರು ಪರದೆಯ ಬಲಗಡೆಯ ಅಂಚನ್ನು ಬೆರಳಿನಿಂದ ಮುಟ್ಟಿ ಕೇಳಿದರು: “ಕೋಡಿ ನೀರು ಮುಂದಿನ ಕೆರೆಗ್ ತಾನೆ ಹೋಗೋದು? ಆ ಕೆರೆ ಎಲ್ಲವ್ವ?” ವಿನ್ಯಾಸಕಿ ನನ್ನ ಮುಖ ನೋಡಿದಳು. ಅವಳು ಪೆನ್ಸಿಲಿನಿಂದ ಗೆರೆ ಎಳೆದಿದ್ದ ಎರಡನೇ ಕೆರೆ ಅದು.

ನಿಯಮ ಮುರಿಯಬೇಕೇ ಎಂಬುದನ್ನು ಅಲ್ಲೇ ತೀರ್ಮಾನಿಸಬೇಕಿತ್ತು. ಎರಡನೇ ಕೆರೆಯನ್ನು ಆಟದಲ್ಲಿ ಸೇರಿಸುವುದು ಸಾಧ್ಯವೇ ಇರಲಿಲ್ಲ. ಆದರೆ ಕೊನೆಯ ದೃಶ್ಯದಲ್ಲಿ ಕೋಡಿಯ ನೀರು ಇಳಿದು ಹೋಗಿ ದೂರದ ಇನ್ನೊಂದು ಏರಿಯನ್ನು ಸೇರುವ ಒಂದು ಚಿತ್ರ ಬಂದರೆ ಸಾಕಿತ್ತು. ನಾನು ಮೂರು ಪ್ರಶ್ನೆ ಕೇಳಿದೆ: ಕೋಡ್ ಮುಟ್ಟಬೇಕೇ, ಎಷ್ಟು ಗಂಟೆ, ಕೆಟ್ಟರೆ ಹಿಂದಿನ ಚಿತ್ರಕ್ಕೆ ಮರಳಬಹುದೇ? ಕೋಡ್ ಬೇಕಿಲ್ಲ, ನಾಲ್ಕು ಗಂಟೆ, ಮರಳಬಹುದು ಎಂದು ಕಲಾವಿದೆ ಹೇಳಿದಳು. ಮಾಡೋಣ ಎಂದೆ. ಧ್ವನಿಯ ಹುಡುಗನಿಗೆ ಇದು ಅನ್ಯಾಯವೆನಿಸಿತು, ಅವನ ಟ್ರ್ಯಾಕಿಗೂ ಕೋಡ್ ಬೇಕಿರಲಿಲ್ಲ. ಅವನು ಹೇಳಿದ್ದರಲ್ಲಿ ಸತ್ಯವಿತ್ತು. ಆಡುವವರು ಕೇಳಿದ್ದಕ್ಕೂ ನಾವು ಬಯಸಿದ್ದಕ್ಕೂ ಇರುವ ಅಂತರವನ್ನು ನಾನು ಅವನಿಗೆ ವಿವರಿಸಿದೆ. ಅವನು ಪೂರ್ತಿ ಒಪ್ಪಿದನೆಂದು ಹೇಳಲಾರೆ.

ಹದಿನೈದನೇ ವಾರದ ಪ್ರದರ್ಶನದಲ್ಲಿ, ಅದೇ ಹಾಲ್‌ನ ಅದೇ ಕಂಪ್ಯೂಟರಿನಲ್ಲಿ, ಆಟ ಮೊದಲ ಬಾರಿಗೇ ತೆರೆಯಿತು. ಒಂದು ಕೆರೆ, ಎರಡು ತೂಬು, ಏಳು ಗದ್ದೆ, ಐದು ಪಾತ್ರ, ಹತ್ತು ನಿಮಿಷ. ಮಧ್ಯಾವಧಿಯಲ್ಲಿ ಪ್ರಶ್ನೆ ಕೇಳಿದ್ದ ಅಧ್ಯಾಪಕರೇ ಮೌಸ್ ತೆಗೆದುಕೊಂಡು ಆಡಿದರು, ಮೊದಲ ಸುತ್ತಿನಲ್ಲಿ ಮುದುಕಿಯ ಗದ್ದೆಯನ್ನು ಒಣಗಿಸಿದರು, ಯಾರೂ ಹೇಳದೆಯೇ ಎರಡನೇ ಸುತ್ತು ಶುರುಮಾಡಿದರು. ಕೊರತೆಗಳೂ ಇದ್ದವು. ಮಳೆಯ ಸದ್ದು ಒಂದೇ ತುಣುಕು ಸುತ್ತುತ್ತಿರುವುದು ಗೊತ್ತಾಗುತ್ತಿತ್ತು, ಎರಡನೇ ತೂಬು ಏಕಿದೆಯೆಂಬುದು ಹೊಸಬರಿಗೆ ಬೇಗ ಅರ್ಥವಾಗುತ್ತಿರಲಿಲ್ಲ, ಅಂಕ ತೋರಿಸುವ ಪರದೆಯಲ್ಲಿ ಓದಬೇಕಾದದ್ದು ಹೆಚ್ಚಿತ್ತು.

ಹದಿನಾರನೇ ವಾರದಲ್ಲಿ, ಮುಂದಿನ ತಂಡವೊಂದು ಈ ಕೋಡನ್ನು ಮುಂದುವರಿಸಬಹುದೆಂದು ಗೈಡ್ ಹೇಳಿದ್ದರಿಂದ, ನಾಲ್ಕು ಪುಟಗಳ ಹಸ್ತಾಂತರ ಟಿಪ್ಪಣಿ ಬರೆದೆ. ಮೊದಲ ಪುಟದಲ್ಲಿ ಆಟವನ್ನು ಹಳೆಯ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಿ ತೆರೆಯುವ ಹಂತಗಳಿವೆ. ಎರಡನೆಯದರಲ್ಲಿ, ಬಿಟ್ಟ ಕೆಲಸಗಳು ಯಾವುವು, ಏಕೆ ಬಿಟ್ಟೆವು, ಪ್ರತಿಯೊಂದಕ್ಕೂ ಯಾರು ಎಷ್ಟು ವಾರ ದುಡಿದಿದ್ದರು ಎಂಬುದು ಇದೆ. ಚೌಕಗಳ ನೀರಿನ ಕೋಡನ್ನು ಅಳಿಸದೆ ಪ್ರತ್ಯೇಕ ಫೋಲ್ಡರಿನಲ್ಲಿ ಇಟ್ಟಿದ್ದೇವೆ. ಅದನ್ನು ತೆರೆದರೆ ಈಗಲೂ ತಿರುವಿನಲ್ಲಿ ನೀರು ಸುಳಿಯುವುದು ಕಾಣುತ್ತದೆ. ಆ ಫೋಲ್ಡರಿನ ಪರಿಚಯದ ಸಾಲುಗಳನ್ನು ಬರೆಯಲು ನಾನು ಅವನನ್ನೇ ಕೇಳಿಕೊಂಡೆ, ಅವನು ಬರೆದುಕೊಟ್ಟ.